ಚೆಕ್ ಮೇಷ್ಟ್ರು ನಮ್ಮ ಮನೆಗೆ ಬಂದದ್ದು

ಊರು ಬಿಟ್ಟು ಬಂದ ಪರದೇಶದಲ್ಲಿ, ಬಿಶಾನ್ ಎಂಬ ಬಡಾವಣೆಯ ಹನ್ನೊಂದನೆಯ ಮಹಡಿಯ ಫ್ಲ್ಯಾಟಿನಲ್ಲಿ ಆಗ ನಾವು ನಾಲ್ಕು ಜನ ಇದ್ದೆವು: ಅಪ್ಪ, ಅಮ್ಮ, ಅಮ್ಮನ ತಾಯಿಯಾದ ನನ್ನ ಅಜ್ಜಿ, ಮತ್ತು ನಾನು. ಐದನೆಯವರು ಚೆಕ್ ಮೇಷ್ಟ್ರು. ಅವರು ತೀರಿಕೊಂಡು ಎಷ್ಟೋ ಕಾಲವಾಗಿತ್ತು, ಅವರ ದೇಶವನ್ನು ನಮ್ಮ ಮನೆಯವರು ಯಾರೂ ಕಂಡಿರಲಿಲ್ಲ. ಆದರೂ ಊಟದ ಮೇಜಿನಲ್ಲಿ ಅವರ ಸುದ್ದಿ ಬಾರದ ದಿನವಿರಲಿಲ್ಲ. ಅವರು ಚೆಕ್ ದೇಶದ ಒಬ್ಬ ಸಂಗೀತ ರಚನಕಾರ. ನಿಜವಾದ ಹೆಸರನ್ನು ಬಾಯಿಬಿಟ್ಟು ಹೇಳಲು ಅಪ್ಪ ಒಪ್ಪುತ್ತಿರಲಿಲ್ಲ. ಆ ಹೆಸರಿನ ಅಕ್ಷರಗಳ ತಲೆಯ ಮೇಲಿರುವ ಗೀಟುಗಳನ್ನು ಹೇಗೆ ಉಚ್ಚರಿಸಬೇಕೆಂದು ಗೊತ್ತಾಗುವ ತನಕ ದೊಡ್ಡ ಮನುಷ್ಯರನ್ನು ತಪ್ಪಾಗಿ ಕರೆಯಬಾರದು ಅನ್ನುವುದು ಅವರ ವಾದ. ಅದು ಕೊನೆಗೂ ಗೊತ್ತಾಗಲಿಲ್ಲ. ಬಾಳಿನ ಬಹುಪಾಲು ಸಂಗೀತ ಶಾಲೆಯಲ್ಲಿ ಪಾಠ ಹೇಳಿದವರು ಎಂದು ಕೇಳಿ ಅಜ್ಜಿಯೇ ಅವರಿಗೆ ಚೆಕ್ ಮೇಷ್ಟ್ರು ಎಂದು ಹೆಸರಿಟ್ಟರು. ನನಗೂ ಅದೇ ರೂಢಿ, ಇಲ್ಲೂ ಹಾಗೇ ಕರೆಯುತ್ತೇನೆ.

ಮೇಷ್ಟ್ರು ನಮ್ಮ ಮನೆಗೆ ಬಂದದ್ದು ಲೈಬ್ರರಿಯವರು ಹಳೆ ಪುಸ್ತಕಗಳನ್ನು ಮಾರಿದ ಒಂದು ಭಾನುವಾರ. ರಟ್ಟು ಕಿತ್ತುಹೋದ ಒಂದು ಜೀವನಚರಿತ್ರೆಯನ್ನು ಅಪ್ಪ ತಂದರು. ಅಪ್ಪನಿಗೆ ಸಂಗೀತ ಅಂದರೆ ಮೈಸೂರಿನಲ್ಲಿ ಹುಡುಗನಾಗಿದ್ದಾಗ ಮೂರು ವರ್ಷ ಕಲಿತು ಬಿಟ್ಟ ಪಿಟೀಲು ಅಷ್ಟೇ. ಆದರೆ ಕಿವಿಯೇ ಅವರ ಕಸುಬಾಗಿತ್ತು. ಬೂನ್ ಲೇ ಸ್ಟೇಷನ್ನಿನಲ್ಲಿ ಇಳಿದು, ಅಲ್ಲಿಂದ ಕಂಪನಿಯ ಬಸ್ಸಿನಲ್ಲಿ ಹೋಗಿ, ಕಾರ್ಖಾನೆಯೊಂದರಲ್ಲಿ ಪಂಪುಗಳ ಆರೋಗ್ಯ ನೋಡಿಕೊಳ್ಳುತ್ತಿದ್ದರು. ಅಳೆಯುವ ಯಂತ್ರಗಳಿದ್ದರೂ ಉದ್ದದ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಬೇರಿಂಗಿಗೆ, ಇನ್ನೊಂದು ತುದಿಯನ್ನು ಕಿವಿಗೆ ಒತ್ತಿ ಕೇಳದ ಹೊರತು ಅವರಿಗೆ ಸಮಾಧಾನವಿಲ್ಲ. ಪಂಪು ಕೆಡುವುದಕ್ಕೆ ವಾರ ಮೊದಲೇ ಅದರ ದನಿ ಕೆಡುತ್ತದೆ ಎಂದು ಹೇಳುತ್ತಿದ್ದರು. ಅಂಥವರಿಗೆ ಆ ಪುಸ್ತಕದಲ್ಲಿ ಒಂದು ವಿಷಯ ಸಿಕ್ಕಿತು. ಮೇಷ್ಟ್ರು ಎಲ್ಲಿ ಹೋದರೂ ಜೇಬಿನಲ್ಲಿ ಚಿಕ್ಕ ಪುಸ್ತಕ ಇಟ್ಟುಕೊಂಡು, ಜನ ಆಡಿದ ಮಾತನ್ನು ಅದರ ಏರಿಳಿತದ ಸಮೇತ ಸ್ವರಗಳಲ್ಲಿ ಬರೆದುಕೊಳ್ಳುತ್ತಿದ್ದರಂತೆ. ಸಂತೆಯ ಹೆಂಗಸರ ಚೌಕಾಸಿ, ಸ್ಟೇಷನ್ನಿನಲ್ಲಿ ಕೂಗುವವರ ಕೂಗು, ಮಕ್ಕಳ ಜಗಳ, ಕೋಳಿಯ ಕೊಕ್ಕೊಕ್ಕೊ ಎಲ್ಲವನ್ನೂ. ಅವರ ಒಪೆರಾಗಳಲ್ಲಿ ಪಾತ್ರಗಳು ಹಾಡುವ ರೀತಿ ಹುಟ್ಟಿದ್ದು ಆ ಪುಸ್ತಕಗಳಿಂದಲೇ.

"ಮಾತು ಸುಳ್ಳು ಹೇಳಬಹುದು ಪುಟ್ಟಿ, ಸ್ವರ ಹೇಳಲ್ಲ," ಎಂದರು ಅಪ್ಪ. "ಪಂಪೂ ಅಷ್ಟೇ."

ಮಾರನೆಯ ದಿನವೇ ನೀಲಿ ರಟ್ಟಿನ ಒಂದು ನೋಟ್ ಬುಕ್ ಬಂತು. ಇಲ್ಲಿ ನಮ್ಮ ಮನೆಯ ಒಂದು ಪದ್ಧತಿಯನ್ನು ಹೇಳಬೇಕು. ಅಜ್ಜಿ ಅಳಿಯನೊಡನೆ ನೇರವಾಗಿ ಮಾತಾಡುತ್ತಿರಲಿಲ್ಲ. ಜಗಳವೇನೂ ಇರಲಿಲ್ಲ, ಅವರ ಕಾಲದ ಮರ್ಯಾದೆ ಅದು. ಅದರ ಮೇಲೆ ಮಗಳ ಮನೆಯಲ್ಲಿ ಬಂದು ಇರಬೇಕಾಯಿತಲ್ಲ ಎಂಬ ಸಂಕೋಚ. ತಾತ ಹೋದ ಮೇಲೆ ಅಮ್ಮ ಹಟ ಮಾಡಿ ಕರೆತಂದಿದ್ದಳು. ಅಜ್ಜಿಯ ಮಂಚ ಹಾಲಿನ ಕಿಟಕಿಯ ಪಕ್ಕ, ಅಪ್ಪನ ಕುರ್ಚಿ ಅಲ್ಲಿಂದ ಐದು ಹೆಜ್ಜೆ ಆಚೆ, ನಡುವೆ ಊಟದ ಮೇಜು. ಆ ಐದು ಹೆಜ್ಜೆ ದಾಟಿಸುವ ಕೆಲಸ ನನ್ನದು. "ನಿಮ್ಮಪ್ಪನಿಗೆ ಕಾಫಿ ಆರಿಹೋಗತ್ತೆ ಅಂತ ಹೇಳು" ಎಂದು ಅಜ್ಜಿ ಅಪ್ಪನಿಗೆ ಕೇಳುವ ಹಾಗೆಯೇ ಹೇಳುತ್ತಿದ್ದರು. ನಾನು ಮುಖ ತಿರುಗಿಸಿ, "ಅಪ್ಪ, ಕಾಫಿ ಆರಿಹೋಗತ್ತಂತೆ" ಎನ್ನಬೇಕು. ಅಪ್ಪನೂ ಉತ್ತರವನ್ನು ನನ್ನ ಕೈಗೇ ಕೊಡುತ್ತಿದ್ದರು. ನೋಟ್ ಬುಕ್ ಬಂದ ಮೇಲೆ ಅಪ್ಪ ಬೆರಳು ಎತ್ತಿ ನನ್ನನ್ನು ತಡೆಯತೊಡಗಿದರು.

"ನೀನು ಹೇಳ್ಬೇಡ ಇರು. ನಂಗೆ ಕೇಳಿಸ್ತು."

ಆಮೇಲೆ ತಲೆ ಓರೆ ಮಾಡಿ, ತುಟಿಯಲ್ಲೇ ಸರಿಗಮ ಗುನುಗಿಕೊಂಡು, ಅಜ್ಜಿಯ ಮಾತನ್ನು ಒಂದು ಸಾಲಿನಲ್ಲಿ, ಅದರ ಸ್ವರಗಳನ್ನು ಮೇಲಿನ ಸಾಲಿನಲ್ಲಿ ಬರೆದುಕೊಳ್ಳುತ್ತಿದ್ದರು. ಮೇಷ್ಟ್ರು ಬಳಸಿದ ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ ಅಪ್ಪನಿಗೆ ಬಾರದು. "ಮಗು, ಊಟ ಆಯ್ತಾ" ಎಂಬುದು ಸ ಸ ರಿ ಗ ಪ ಆಗಿ ಪುಸ್ತಕ ಸೇರಿತು. ಎದುರು ಮನೆಯ ಟಾನ್ ಆಂಟಿ ಬಾಗಿಲ ಜಾಲರಿಯ ಸಂದಿನಿಂದ ಕಿತ್ತಳೆ ಹಣ್ಣು ಕೊಡುತ್ತಾ ಹೇಳುವ "ಟೇಕ್ ಲಾ, ಟೇಕ್ ಲಾ", ಇಲ್ಲಿನವರ ಇಂಗ್ಲಿಷಿಗೆ ಬಾಲವಾಗಿ ಅಂಟಿರುವ ಆ ಲಾ ಸಮೇತ ಸೇರಿತು. ಎಂಆರ್‌ಟಿ ರೈಲಿನ ಬಾಗಿಲು ಮುಚ್ಚುವ ಸದ್ದು, ಬೆಳಗ್ಗೆ ನಮ್ಮ ಬ್ಲಾಕಿನವರನ್ನೆಲ್ಲ ಎಬ್ಬಿಸಿ ಬೈಸಿಕೊಳ್ಳುವ ಕೋಗಿಲೆ, ಅಮ್ಮ ಸಿಟ್ಟಿನಲ್ಲಿ "ರೀ" ಅನ್ನುವುದು, ಸಿಟ್ಟಿಲ್ಲದೆ "ರೀ" ಅನ್ನುವುದು, ಎಲ್ಲ ಸೇರಿದವು. ನಾನು ಸೇರಲಿಲ್ಲ.

ಮೊದಲು ಗಮನಿಸಲಿಲ್ಲ. ಗಮನಿಸಿದ ಮೇಲೆ ಬೇರೆ ಯೋಚನೆಯೇ ಇರಲಿಲ್ಲ. ಒಂಬತ್ತು ವರ್ಷದವಳಿಗೆ ಬೇಕಾದದ್ದು ಅಷ್ಟೇ, ಆ ನೀಲಿ ಪುಸ್ತಕದಲ್ಲಿ ನನ್ನದೊಂದು ಸಾಲು. ಅಪ್ಪನ ಕುರ್ಚಿಯ ಸುತ್ತ ಸುಳಿಯುತ್ತಾ ಒಳ್ಳೊಳ್ಳೆಯ ವಾಕ್ಯಗಳನ್ನು ಹೇಳುತ್ತಿದ್ದೆ. ಅಜ್ಜಿಯ ಹಾಗೆ ರಾಗ ಎಳೆದು "ಅಯ್ಯೋ ರಾಮ, ಏನು ಸೆಕೆಯಪ್ಪ" ಎಂದೆ. ಕೋಗಿಲೆಗೆ ಎದುರು ಕೂಗಿದೆ. ಒಂದು ದಿನ ಬೇಕೆಂದೇ ಮೆಟ್ಟಿಲ ಮೇಲೆ ಬಿದ್ದು ಮೊಣಕಾಲು ತರಚಿಕೊಂಡು ಬಂದು ಅತ್ತೆ, ಅದಾದರೂ ಬರೆಯಲಿ ಎಂದು. ಅಪ್ಪ ಎದ್ದು ಬಂದು ಔಷಧ ಹಚ್ಚಿದರು, ಊದಿದರು, ಪೆನ್ನು ಮಾತ್ರ ಮುಟ್ಟಲಿಲ್ಲ. ಕೊನೆಗೆ ಬಾಯಿಬಿಟ್ಟು ಕೇಳಿದೆ.

"ಅಪ್ಪ, ನಂದು ಯಾಕೆ ಬರ್ಕೊಳಲ್ಲ? ಮೈನ್ ಆಲ್ಸೋ ಕ್ಯಾನ್ ಲಾ."

"ಇದಕ್ಕೇ," ಎಂದು ಅಪ್ಪ ನಕ್ಕರು. "ನೀನು ಮೂರು ಭಾಷೆ ಒಟ್ಟಿಗೆ ಮಾತಾಡ್ತೀಯ. ಯಾವ್ದು ನಿನ್ನ ದನಿ ಅಂತ ನಂಗೆ ಸಿಗ್ತಿಲ್ಲ ಪುಟ್ಟಿ. ಚೆಕ್ ಮೇಷ್ಟ್ರೂ ತಾಯಿ ಭಾಷೆ ಮಾತ್ರ ಬರ್ಕೊಳ್ತಿದ್ರು."

ಅದು ನಿಜವಲ್ಲ. ದೊಡ್ಡವಳಾದ ಮೇಲೆ ಅದೇ ಪುಸ್ತಕ ಓದಿದೆ. ಮೇಷ್ಟ್ರು ವಯಸ್ಸಾದ ಮೇಲೆ ಲಂಡನ್ನಿಗೆ ಹೋದಾಗ ಹೋಟೆಲಿನ ಹುಡುಗನೊಬ್ಬ ಹೇಳಿದ ಇಂಗ್ಲಿಷಿನ ಒಂದೇ ಒಂದು ಶಬ್ದವನ್ನೂ ಬರೆದುಕೊಂಡಿದ್ದರಂತೆ. ಟಾನ್ ಆಂಟಿಯ ಲಾಗೆ ಸಿಕ್ಕ ಜಾಗ ನನ್ನ ಲಾಗೆ ಯಾಕಿಲ್ಲ ಎಂದು ಕೇಳುವಷ್ಟು ಬುದ್ಧಿಯೂ ಆಗ ಇರಲಿಲ್ಲ. ಇದ್ದಿದ್ದರೆ ಕೇಳಿ ಗೆಲ್ಲುತ್ತಿದ್ದೆ. ಆ ದಿನ ಬಹಳ ನೋವಾಯಿತು. ಬಾತ್ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ, ಈ ಸಲ ಯಾರಿಗೂ ಕೇಳಿಸದ ಹಾಗೆ.

ಅಮ್ಮನಿಗೆ ಈ ಪುಸ್ತಕವನ್ನು ಕಂಡರಾಗದು. ಮನೆಯಲ್ಲಿ ನಿಜವಾಗಿ ಸಂಗೀತ ಬಲ್ಲವಳು ಅವಳು. ಹದಿನಾಲ್ಕು ವರ್ಷ ಕಲಿತು, ಕಛೇರಿ ಮಾಡಿ, ಮದುವೆಯಾಗಿ ಇಲ್ಲಿಗೆ ಬಂದು, ಶನಿವಾರ ಬೆಳಗ್ಗೆ ಆರು ಹುಡುಗಿಯರಿಗೆ ಸರಳೆ ವರಸೆ ಹೇಳಿಕೊಡುತ್ತಿದ್ದಳು. ಆ ಮೂರು ಗಂಟೆ ಅಪ್ಪ ಬೆಡ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಇರಬೇಕೆಂಬುದು ನಿಯಮ, ಯಾಕೆಂದರೆ ಅಪ್ಪ ಎದುರಿದ್ದರೆ ಹುಡುಗಿಯರ ತಪ್ಪು ಸ್ವರಕ್ಕೂ ತಲೆದೂಗುತ್ತಿದ್ದರು. ಅಪ್ಪ ಕೆಲಸಕ್ಕೆ ಹೋದ ಮೇಲೆ ಅಮ್ಮ ಒಮ್ಮೊಮ್ಮೆ ನಿಂತಲ್ಲೇ ಆ ನೀಲಿ ಪುಸ್ತಕ ತೆರೆದು ನೋಡುವುದನ್ನು ನಾನು ಕಂಡಿದ್ದೆ. ಮುಖ ಹುಳ್ಳಗಾಗುತ್ತಿತ್ತು.

"ಇದು ಗ ಅಂತೆ. ಎಲ್ಲಿದೆ ಗ? ನಮ್ಮಮ್ಮ ಹಾಗೆ ಅಂದೇ ಇಲ್ಲ. ಅದೂ ಅಲ್ದೆ ಶ್ರುತಿನೇ ಹಾಕಿಲ್ಲ ನೋಡು. ಇದನ್ನ ಇಟ್ಕೊಂಡು ಯಾರೇನು ಮಾಡ್ಬೇಕು?"

ಅಪ್ಪ ಮಾಡಿದ ತಪ್ಪು ಅದು, ನಮ್ಮ ಸಂಗೀತ ಬಲ್ಲವರು ಮಾತ್ರ ಮಾಡಬಹುದಾದ ತಪ್ಪು. ಮೇಷ್ಟ್ರ ಬರಹದಲ್ಲಿ ಒಂದೊಂದು ಸ್ವರಕ್ಕೂ ಅದರದೇ ಎತ್ತರ ಗೊತ್ತಾಗಿರುತ್ತದೆ. ನೂರು ವರ್ಷ ಬಿಟ್ಟು ಯಾರು ನುಡಿಸಿದರೂ ಆ ಸಂತೆಯ ಹೆಂಗಸಿನ ದನಿ ಅದೇ ಎತ್ತರದಲ್ಲಿ ಬರುತ್ತದೆ. ನಮ್ಮ ಸ ಹಾಗಲ್ಲ. ಹಾಡುವವರು ಎಲ್ಲಿ ಶ್ರುತಿ ಇಟ್ಟುಕೊಳ್ಳುತ್ತಾರೋ ಅಲ್ಲಿ ಸ. ಶ್ರುತಿ ಎಷ್ಟೆಂದು ಬರೆದಿಡದಿದ್ದರೆ ಅಜ್ಜಿಯ ಮಾತನ್ನು ಗಂಡಸೊಬ್ಬ ತನ್ನ ದಪ್ಪ ದನಿಯಲ್ಲಿ ಹಾಡಿದರೂ ಸರಿಯೇ. ಅಮ್ಮ ಇದನ್ನು ಅಪ್ಪನಿಗೆ ಹೇಳಲಿಲ್ಲ. ಬದಲಿಗೆ, ಮಕ್ಕಳ ಪುಸ್ತಕ ತಿದ್ದುವ ಕೆಂಪು ಪೆನ್ಸಿಲ್ ತೆಗೆದುಕೊಂಡು ಅಪ್ಪನ ಗ ಹೊಡೆದುಹಾಕಿ ರಿ ಮಾಡಿದಳು. ಮರುದಿನ ಇನ್ನೊಂದು. ಅಪ್ಪ ಅದನ್ನು ಖಂಡಿತ ನೋಡಿದರು. ಆ ವಾರದಿಂದ ಪ್ರತಿ ಮಾತಿನ ಕೆಳಗೂ ಒಂದು ಸಾಲು ಖಾಲಿ ಬಿಟ್ಟು ಬರೆಯತೊಡಗಿದರು. ಹಗಲು ಕೆಂಪು, ಸಂಜೆ ನೀಲಿ. ಅವರಿಬ್ಬರೂ ಬೇರೆ ಯಾವ ವಿಷಯದಲ್ಲೂ ಅಷ್ಟು ಚೆನ್ನಾಗಿ ಮಾತಾಡಿಕೊಂಡದ್ದು ನನಗೆ ನೆನಪಿಲ್ಲ.

ಅಜ್ಜಿಗೆ ಸ್ವರಗಳ ಗೊಡವೆ ಬೇಡ, ಮೇಷ್ಟ್ರ ಸಂಸಾರ ಬೇಕಾಗಿತ್ತು. ಅಪ್ಪ ಸಂಜೆ ಊಟಕ್ಕೆ ಕೂತು ಆ ದಿನ ರೈಲಿನಲ್ಲಿ ಓದಿದ್ದನ್ನು ನನಗೆ ಹೇಳುವ ನೆಪದಲ್ಲಿ ಹೇಳುತ್ತಿದ್ದರು. ಅಜ್ಜಿ ಮಂಚದ ಮೇಲೆ ತಟ್ಟೆ ಹಿಡಿದು ಕೇಳಿಸಿಕೊಳ್ಳುತ್ತಿದ್ದರು. ಐವತ್ತು ದಾಟುವವರೆಗೆ ಮೇಷ್ಟ್ರ ಹೆಸರು ಅವರ ಊರು ಬಿಟ್ಟು ಆಚೆ ಯಾರಿಗೂ ಗೊತ್ತಿರಲಿಲ್ಲ ಎಂದಾಗ ಅಜ್ಜಿ ಲೊಚಗುಟ್ಟಿದರು. ನರಿಯೊಂದರ ಮೇಲೆ ಒಪೆರಾ ಬರೆದರು ಎಂದಾಗ ಊಟ ನಿಲ್ಲಿಸಿ ನಕ್ಕರು. ಅರವತ್ತರ ಆಸುಪಾಸಿನಲ್ಲಿ, ಮದುವೆಯಾದ ಎಳೆ ವಯಸ್ಸಿನ ಹೆಂಗಸೊಬ್ಬಳಿಗೆ ಮೇಷ್ಟ್ರು ನೂರಾರು ಕಾಗದ ಬರೆದರು, ಆ ಕಾಲದಲ್ಲೇ ಅವರ ಅತಿ ಒಳ್ಳೆಯ ಸಂಗೀತ ಬಂತು ಎಂದಾಗ ಮಾತ್ರ ತಟ್ಟೆ ಕೆಳಗಿಟ್ಟರು.

"ಆ ಮೇಷ್ಟ್ರ ಹೆಂಡ್ತಿ ಏನಂದ್ಲಂತೆ, ಕೇಳೇ ನಿಮ್ಮಪ್ಪನ್ನ."

"ಅಪ್ಪ, ಹೆಂಡ್ತಿ ಏನಂದ್ರಂತೆ?"

"ಅದೊಂದು ಅಧ್ಯಾಯ ಇದೆ. ಇನ್ನೂ ಓದಿಲ್ಲ."

"ಅದನ್ನೇ ಮೊದಲು ಓದಬೇಕಿತ್ತು ಅನ್ನು," ಎಂದರು ಅಜ್ಜಿ. ಅಡುಗೆಮನೆಯಿಂದ ಅಮ್ಮ ಜೋರಾಗಿ ನಕ್ಕದ್ದು ಕೇಳಿಸಿತು. ಆ ಮಾತೂ ಪುಸ್ತಕದಲ್ಲಿದೆ, ಕೆಂಪು ತಿದ್ದುಪಡಿ ಇಲ್ಲದ ಕೆಲವೇ ಸಾಲುಗಳಲ್ಲಿ ಒಂದು.

ಸುಮಾರು ಎಂಟು ತಿಂಗಳು ಹೀಗೆ ನಡೆಯಿತು. ಆಮೇಲೆ ಒಂದು ಸಂಜೆ ಅಪ್ಪ ಪುಸ್ತಕವನ್ನು ಹಿಂದಕ್ಕೂ ಮುಂದಕ್ಕೂ ತಿರುವಿ, ಅಡುಗೆಮನೆಗೆ ಹೋಗಿ, ಮೆಲ್ಲನೆ ಅಮ್ಮನಿಗೆ ಏನೋ ಹೇಳಿದರು. ನಾನು ಫ್ರಿಜ್ಜಿನ ಪಕ್ಕದಲ್ಲೇ ಇದ್ದೆ.

"ವತ್ಸಲ, ನಿಮ್ಮಮ್ಮ ಮುಂಚೆ ಏನಾದ್ರೂ ಕೇಳಿದ್ರೆ ಕೊನೇಲಿ ದನಿ ಮೇಲೆ ಹೋಗ್ತಿತ್ತು. ಈಗ ಒಂದು ತಿಂಗಳಿಂದ ಹೋಗ್ತಿಲ್ಲ. ಊಟ ಆಯ್ತಾ ಅನ್ನೋದೂ ಸ ಹತ್ರಾನೇ ನಿಂತುಬಿಡತ್ತೆ. ಉಸಿರು ಸಾಲ್ತಿಲ್ಲ ಅನ್ಸತ್ತೆ. ಡಾಕ್ಟರ್ ಹತ್ರ ಒಂದು ಅಪಾಯಿಂಟ್‌ಮೆಂಟ್ ಬುಕ್ ಮಾಡೋಣ."

"ಅವರೇನು ನಿಮ್ಮ ಫ್ಯಾಕ್ಟರಿ ಪಂಪಾ?" ಎಂದಳು ಅಮ್ಮ.

ಆದರೂ ಕರೆದುಕೊಂಡು ಹೋದರು. ಹೃದಯ ದೊಡ್ಡದಾಗಿದೆ, ಹೆಚ್ಚು ಮಾಡುವುದಕ್ಕೇನಿಲ್ಲ, ಉಪ್ಪು ಕಡಿಮೆ ಮಾಡಿ, ಹುಷಾರಾಗಿ ನೋಡಿಕೊಳ್ಳಿ ಎಂದರು ಡಾಕ್ಟರು. ಅಪ್ಪ ಹೇಳಿದ್ದು ಸರಿಯಾಗಿತ್ತು, ಅಮ್ಮ ಅದನ್ನು ಕ್ಷಮಿಸಲಿಲ್ಲ. ಹತ್ತು ದಿನಕ್ಕೆ ಊಟದ ಮೇಜಿನಲ್ಲಿ ಅಪ್ಪ ಇನ್ನೊಂದು ಕೆಲಸ ಮಾಡಿದರು. ಕೆಟ್ಟ ಮನಸ್ಸಿನಿಂದಲ್ಲ. ಓದಿದ್ದು ಅವರನ್ನು ಅಲುಗಾಡಿಸಿಬಿಟ್ಟಿತ್ತು, ಹೇಳದೆ ಇರಲಾಗಲಿಲ್ಲ. ಮೇಷ್ಟ್ರಿಗೆ ಒಬ್ಬಳೇ ಮಗಳು ಉಳಿದಿದ್ದಳು. ಇಪ್ಪತ್ತರ ವಯಸ್ಸಿನಲ್ಲಿ ಜ್ವರ ಬಂದು ಹಾಸಿಗೆ ಹಿಡಿದಳು. ಅವಳು ಸಾಯುತ್ತಿದ್ದಾಗಲೂ ಮೇಷ್ಟ್ರು ಪಕ್ಕದಲ್ಲಿ ಕೂತು ಅವಳು ಆಡಿದ್ದನ್ನೆಲ್ಲ, ಕೊನೆಯ ನಿಟ್ಟುಸಿರಿನ ತನಕ, ಸ್ವರಗಳಲ್ಲಿ ಬರೆದುಕೊಂಡರು.

ಅಮ್ಮನ ಕೈಯಲ್ಲಿದ್ದ ಸಾರಿನ ಸೌಟು ಪಾತ್ರೆಯೊಳಗೆ ಬಿತ್ತು.

"ಇಲ್ಲಿ ಕೂತ್ಕೊಂಡು ಇದನ್ನ ಹೇಳ್ತೀರಲ್ಲ, ನಿಮ್ಗೆ ಏನಾದ್ರೂ ಅನ್ಸತ್ತಾ? ನಮ್ಮಮ್ಮಂದೂ ಹಾಗೇ ಬರ್ಕೊಳ್ಳೋಕೆ ಪೆನ್ನು ಹಿಡ್ಕೊಂಡು ಕೂತಿದೀರಾ?"

ಆಗ ಅಜ್ಜಿ ಮಂಚದಿಂದ, ಉಸಿರು ಎಳೆದುಕೊಳ್ಳುತ್ತಾ, ನನ್ನನ್ನು ನೋಡಿ ಹೇಳಿದರು.

"ನಿಮ್ಮಮ್ಮನಿಗೆ ಸುಮ್ನಿರು ಅನ್ನು. ಆ ಮೇಷ್ಟ್ರು ಇನ್ನೇನು ಮಾಡ್ತಾನೆ ಪಾಪ. ಕೈಗೆ ಏನಾದ್ರೂ ಬೇಕಲ್ಲ."

ಅಂದು ಅಮ್ಮ ನೀಲಿ ಪುಸ್ತಕವನ್ನು ಬೀರುವಿನ ಮೇಲೆ, ಸೂಟ್‌ಕೇಸುಗಳ ಹಿಂದಕ್ಕೆ ಎಸೆದಳು. ಅಪ್ಪ ಅದನ್ನು ಮತ್ತೆ ಇಳಿಸಲಿಲ್ಲ. ಮೇಷ್ಟ್ರ ಸುದ್ದಿಯೂ ನಿಂತಿತು. ನನಗೆ ನಾಚಿಕೆಯಾಗುವ ಸಂಗತಿ ಇದು, ಆದರೂ ಬರೆಯುತ್ತೇನೆ: ಆ ದಿನಗಳಲ್ಲಿ ಅಜ್ಜಿಗಿಂತ ಹೆಚ್ಚಾಗಿ ನಾನು ಕೊರಗಿದ್ದು ಪುಸ್ತಕಕ್ಕಾಗಿ. ಇನ್ನು ನನ್ನ ಸಾಲು ಅದರಲ್ಲಿ ಸೇರುವುದೇ ಇಲ್ಲ ಎಂದು.

ಮಳೆ ಬಂದು ಬಿಟ್ಟ ಒಂದು ಮಧ್ಯಾಹ್ನ. ನಾನು ಶಾಲೆಯಿಂದ ಬಂದು ಅನ್ನ ಸಾರು ಉಂಡು ಅಜ್ಜಿಯ ಮಂಚದ ಅಂಚಿನಲ್ಲಿ ಕೂತು ಸ್ಪೆಲ್ಲಿಂಗ್ ಬರೆಯುತ್ತಿದ್ದೆ. ಕೆಳಗೆ, ಬ್ಲಾಕಿನ ಬುಡದ ತೆರೆದ ಅಂಗಳವಾದ ವಾಯ್ಡ್ ಡೆಕ್‌ನಲ್ಲಿ, ಯಾರದೋ ಮದುವೆಗೆ ಕುರ್ಚಿ ಜೋಡಿಸುವ ಸದ್ದು. ಅಜ್ಜಿ ಎರಡು ದಿನದಿಂದ ಹೆಚ್ಚು ಮಾತಾಡಿರಲಿಲ್ಲ. ಕಣ್ಣು ಬಿಟ್ಟು ಬಾಗಿಲ ಕಡೆ ನೋಡಿ, ಹಳೆಯ ದನಿಯಲ್ಲೇ ಕೇಳಿದರು.

"ನಿಮ್ಮಪ್ಪ ಬಂದ್ರೇನೇ? ಬಡಿಸು ಅನ್ನು ನಿಮ್ಮಮ್ಮನಿಗೆ."

ಅಪ್ಪ ಬರಲು ಇನ್ನೂ ನಾಲ್ಕು ಗಂಟೆ ಇತ್ತು. ಅಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು ಮಂಚದ ಬಳಿ ನಿಂತಳು. ಅಜ್ಜಿ ಮತ್ತೆ ಕಣ್ಣು ಮುಚ್ಚಿದ್ದರು. ಅಮ್ಮ ನನ್ನ ಕಡೆ ತಿರುಗದೆ ಹೇಳಿದಳು.

"ಪುಟ್ಟಿ, ಚೇರ್ ಹಾಕ್ಕೊಂಡು ಹತ್ತಿ ಆ ಬುಕ್ ತೆಗಿ."

ನಾನು ತೆಗೆದುಕೊಟ್ಟೆ. ಅಮ್ಮ ಮೇಜಿಗೆ ಕೂತು, ಶ್ರುತಿ ಪೆಟ್ಟಿಗೆ ಹಚ್ಚಿ, ಅದರ ಗುಂಡಿಯನ್ನು ತಾನು ಹಾಡುವ ಐದೂವರೆಯಿಂದ ಅಜ್ಜಿಯ ದನಿಗೆ ಹೊಂದುವ ಐದಕ್ಕೆ ಇಳಿಸಿ, ಅಜ್ಜಿಯ ಮಾತನ್ನು ಬಾಯಲ್ಲೇ ಎರಡು ಸಲ ಆಡಿ ನೋಡಿ ಬರೆದಳು. ನಾನು ಅಜ್ಜಿಯ ಕೈ ಹಿಡಿದುಕೊಂಡು ಕೂತೆ. ಬಿಸಿಯಾಗಿಯೇ ಇತ್ತು. ಬರೆಯುತ್ತಲೇ ಅಮ್ಮ ಕೇಳಿದಳು, "ಏನಂತಾರೆ ಅಜ್ಜಿ?" ನಾನು ಏನೋ ಉತ್ತರ ಕೊಟ್ಟೆ. ಅಮ್ಮ ಪೆನ್ಸಿಲ್ ಇಟ್ಟು ಎದ್ದು ಬಂದು, ಅಜ್ಜಿಯ ಮೂಗಿನ ಬಳಿ ಬೆರಳು ಹಿಡಿದಳು.

ಆಮೇಲಿನದು ತುಂಡು ತುಂಡಾಗಿ ನೆನಪಿದೆ. ಟಾನ್ ಆಂಟಿ ಚಪ್ಪಲಿ ಹಾಕದೆ ಓಡಿ ಬಂದು ಆಂಬುಲೆನ್ಸಿಗೂ ಅಪ್ಪನ ಆಫೀಸಿಗೂ ಫೋನು ಮಾಡಿದರು. ಅಮ್ಮ ಅಳಲಿಲ್ಲ. ನಮಗೆ ಬೆನ್ನು ಮಾಡಿ ಮೇಜಿಗೆ ಕೂತು, ಲಿಫ್ಟಿನ ಸದ್ದಾಗುವವರೆಗೆ ಏನೋ ಬರೆಯುತ್ತಿದ್ದಳು. ಊರಿನಲ್ಲಿ ತಿಳಿಸಬೇಕಾದವರ ಪಟ್ಟಿ ಎಂದುಕೊಂಡೆ. ಶ್ರುತಿ ಪೆಟ್ಟಿಗೆಯನ್ನು ಯಾರೂ ಆರಿಸಿರಲಿಲ್ಲ. ಬೂನ್ ಲೇಯಿಂದ ಅಪ್ಪ ಬಂದಾಗಲೂ ಅದು ನುಡಿಯುತ್ತಿತ್ತು. ಅಪ್ಪ ಹೊಸ್ತಿಲಲ್ಲಿ ಶೂ ಬಿಚ್ಚಿ, ಆ ಐದು ಹೆಜ್ಜೆ ದಾಟಿ, ಮಂಚದ ಪಕ್ಕ ಮಂಡಿಯೂರಿ, "ಅತ್ತೆ," ಎಂದರು. ಅವರು ಅಜ್ಜಿಯನ್ನು ನೇರವಾಗಿ ಕರೆದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಪುಸ್ತಕ ಮತ್ತೆ ಬೀರುವಿನ ಮೇಲೆ ಹೋಯಿತು. ಅಪ್ಪ ಮತ್ತೆಂದೂ ಯಾರ ಮಾತನ್ನೂ ಬರೆದುಕೊಳ್ಳಲಿಲ್ಲ.

ನಾನೀಗ ಪಾಯಾ ಲೆಬಾರಿನ ಒಂದು ಕ್ಲಿನಿಕ್ಕಿನಲ್ಲಿ, ಪಾರ್ಶ್ವವಾಯು ಹೊಡೆದು ಮಾತು ಕಳೆದುಕೊಂಡವರಿಗೆ ಮಾತು ಕಲಿಸುತ್ತೇನೆ. ಶಬ್ದ ಬಾರದವರೂ ಮೊದಲು ರಾಗ ಹೊರಡಿಸುತ್ತಾರೆ, ಅದನ್ನು ಹಿಡಿದು ನಡೆಸಬೇಕು. ಈ ಕೆಲಸ ಯಾಕೆ ಹಿಡಿದೆ ಎಂದು ಕೇಳಿದವರಿಗೆಲ್ಲ ಮಾರ್ಕ್ಸ್ ಬಂದಿತ್ತು, ಸೀಟು ಸಿಕ್ಕಿತು ಎಂದೇ ಹೇಳುತ್ತಾ ಬಂದಿದ್ದೇನೆ. ಹೋದ ತಿಂಗಳು ಬಿಶಾನಿನ ಮನೆಗೆ ಬಣ್ಣ ಹೊಡೆಸುವಾಗ ಬೀರು ಸರಿಸಬೇಕಾಯಿತು, ನೀಲಿ ಪುಸ್ತಕ ಕೆಳಗೆ ಬಂತು. ಅಪ್ಪನ ಕಿವಿಗೆ ಈಗ ಯಂತ್ರ ಬೇಕು. ಅವರು ರಟ್ಟನ್ನು ಅಂಗಿಯಿಂದ ಒರೆಸಿ ನನ್ನ ಕೈಗೆ ಕೊಟ್ಟು ಕುರ್ಚಿಗೆ ಹೋದರು. ಕೊನೆಯ ಪುಟದಲ್ಲಿ ನೀಲಿಯೇ ಇಲ್ಲ, ಎಲ್ಲ ಕೆಂಪು. ಮೇಲೆ 'ಶ್ರುತಿ: ಐದು' ಎಂದಿದೆ. ಇಡೀ ಪುಸ್ತಕದಲ್ಲಿ ಶ್ರುತಿ ಬರೆದಿರುವ ಪುಟ ಅದೊಂದೇ. ಮೊದಲು ಅಜ್ಜಿಯ ಮಾತು. ಅದರ ಕೆಳಗೆ, ಒಂದು ಸಾಲು ಬಿಟ್ಟು, ಅಮ್ಮನ ದುಂಡು ಅಕ್ಷರದಲ್ಲಿ ಇನ್ನೊಂದು:

"ಅಜ್ಜಿ ಸ್ಲೀಪಿಂಗ್ ಲಾ, ಅಮ್ಮ."

ನಾನು ಅಂದು ಕೊಟ್ಟ ಉತ್ತರ. ಸ್ವರಗಳ ನೆತ್ತಿಗೆ ಮೇಲಿನ ಸ್ಥಾಯಿಯ ಚುಕ್ಕೆಗಳಿದ್ದವು, ಮಕ್ಕಳ ದನಿ ಅಷ್ಟು ಎತ್ತರದಲ್ಲಿರುತ್ತದೆ. ಮನೆಯಲ್ಲಿ ಲಾ ಎಂದಾಗಲೆಲ್ಲ ಗದರುತ್ತಿದ್ದ ಅಮ್ಮ ಅದನ್ನು ಬಿಡದೆ ಬರೆದಿದ್ದಳು. ಅದರ ಮೇಲಿನ ಸ್ವರ ಮಾತ್ರ ಅಳಿಸಿಹೋಗಿತ್ತು. ಶ್ರುತಿ ಪೆಟ್ಟಿಗೆಯನ್ನು ಐದಕ್ಕೆ ಇಟ್ಟು, ಮೆಲ್ಲಗೆ ಹಾಡಿ ನೋಡಿದೆ. ಲಾ ಬಂದಾಗ ಊಹೆಯ ಮೇಲೆ ಪ ಹಿಡಿದೆ.

"ಪ ಅಲ್ಲ, ಮ," ಎಂದಳು ಅಮ್ಮ ಅಡುಗೆಮನೆಯಿಂದ. "ಲಾ ಅನ್ನುವಾಗ ದನಿ ಇಳಿಸಿದ್ದೆ ನೀನು. ಅಜ್ಜಿಗೆ ಎಚ್ಚರ ಆಗ್ಬಾರ್ದು ಅಂತ."

ಹಾಡಿಕೊಂಡೆ. ಹೌದು, ಮ. ಅಡುಗೆಮನೆಯ ಬಾಗಿಲಿಗೆ ಹೋಗಿ ಕೇಳಿದೆ.

"ಇದನ್ನ ಯಾಕಮ್ಮ ಬರೆದೆ?"

ಅಮ್ಮ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಒಂದನ್ನು ಮುರಿದು, ಇನ್ನೊಂದನ್ನು ಎತ್ತಿಕೊಂಡಳು.

"ಆಂಬುಲೆನ್ಸ್ ಇನ್ನೂ ಬಂದಿರ್ಲಿಲ್ಲ," ಎಂದಳು. "ಕೈಗೆ ಏನಾದ್ರೂ ಬೇಕಿತ್ತಲ್ಲ."